ಪೇಟೆಂಟಿನ ಹಣೆಬರಹ ಲ್ಯಾಬಿನಲ್ಲೇ: ನ್ಯಾನೊ ಮತ್ತು ವೈದ್ಯಕೀಯ ಸಂಶೋಧಕರ ಜೊತೆ ಕಲಿತ ಒಂಬತ್ತು ಪಾಠಗಳು

ವಿಶ್ವವಿದ್ಯಾಲಯಗಳ ಪರವಾಗಿ ಪೇಟೆಂಟ್ ಅರ್ಜಿ ಬರೆಯುವುದು ನನ್ನ ಕಸುಬು. ಔಷಧವನ್ನು ಗೆಡ್ಡೆಯವರೆಗೆ ಹೊತ್ತೊಯ್ಯುವ ನ್ಯಾನೊಕಣ, ಸುಟ್ಟಗಾಯಕ್ಕೆ ಹಚ್ಚುವ ಬೆಳ್ಳಿಯ ಜೆಲ್, ಒಂದು ಹನಿ ರಕ್ತದಲ್ಲಿ ಕಾಯಿಲೆಯ ಸುಳಿವು ಹಿಡಿಯುವ ಸೆನ್ಸರ್: ನನ್ನ ಮೇಜಿಗೆ ಬರುವುದರಲ್ಲಿ ಇಂಥವೇ ಹೆಚ್ಚು. ಕರ್ನಾಟಕದ ಅರ್ಜಿಗಳು ಹೋಗುವುದು ಚೆನ್ನೈ ಪೇಟೆಂಟ್ ಕಚೇರಿಗೆ. ಅಲ್ಲಿಂದ ಬರುವ ಆಕ್ಷೇಪಣೆಗಳನ್ನು ಓದಿ ಓದಿ ಒಂದು ವಿಷಯ ಮನದಟ್ಟಾಗಿದೆ. ಅರ್ಜಿ ಬಿದ್ದುಹೋಗುವುದು ಕಾನೂನಿನ ಭಾಷೆ ಸರಿಯಿಲ್ಲದೆ ಅಲ್ಲ. ಯಾರೋ ಅವಸರದಲ್ಲಿ ಪೋಸ್ಟರ್ ಅಂಟಿಸಿರುತ್ತಾರೆ, ಮಾಡಬೇಕಾದ ಹೋಲಿಕೆಯ ಪ್ರಯೋಗ ಬಿಟ್ಟಿರುತ್ತಾರೆ, ಸಹಿ ಹಾಕಿಸಿಕೊಳ್ಳದೆ ಸ್ಕಾಲರ್‌ನನ್ನು ಬೀಳ್ಕೊಟ್ಟಿರುತ್ತಾರೆ. ಅರ್ಜಿ ನನ್ನ ಕೈಗೆ ಬರುವ ಹೊತ್ತಿಗೆ ಅದರ ಗತಿ ಬಹುಪಾಲು ನಿರ್ಧಾರವಾಗಿರುತ್ತದೆ. ಈ ಪಾಠಗಳು ಅದಕ್ಕೇ ಲ್ಯಾಬಿನವರಿಗೆ.

1. ಮೊದಲು ಅರ್ಜಿ, ಆಮೇಲೆ ಭಾಷಣ

ಜಗತ್ತಿಗೆ ಈಗಾಗಲೇ ಗೊತ್ತಿರುವುದಕ್ಕೆ ಪೇಟೆಂಟ್ ಇಲ್ಲ. ಆ ‘ಜಗತ್ತಿಗೆ’ ಹೇಳಿದವರು ನೀವೇ ಆಗಿದ್ದರೂ ಇಲ್ಲ. ಸ್ಟ್ಯಾನ್‌ಫರ್ಡ್‌ನ ಸ್ಟ್ಯಾನ್ಲಿ ಕೋಹೆನ್ ಮತ್ತು ಸ್ಯಾನ್ ಫ್ರಾನ್ಸಿಸ್ಕೊದ ಹರ್ಬರ್ಟ್ ಬೋಯರ್ ಜೀನ್ ಜೋಡಣೆಯ ಲೇಖನವನ್ನು ಪ್ರಕಟಿಸಿದ್ದು 1973ರ ನವೆಂಬರ್‌ನಲ್ಲಿ. ವಿಶ್ವವಿದ್ಯಾಲಯ ಎಚ್ಚೆತ್ತು ಅರ್ಜಿ ಹಾಕಿದ್ದು 1974ರ ನವೆಂಬರ್ 4ರಂದು, ಅಮೆರಿಕದ ಕಾನೂನು ಕೊಡುವ ಒಂದು ವರ್ಷದ ಗಡುವು ಮುಗಿಯಲು ಕೆಲವೇ ದಿನ ಇದ್ದಾಗ. ಆ ಪೇಟೆಂಟ್ 25 ಕೋಟಿ ಡಾಲರಿಗೂ ಹೆಚ್ಚು ತಂದಿತು. ಆದರೆ ಅಮೆರಿಕದ ಹೊರಗಿನ ಹಕ್ಕು ಲೇಖನ ಅಚ್ಚಾದ ದಿನವೇ ಹೋಗಿತ್ತು. ಕೇಂಬ್ರಿಜ್‌ನಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲಿ ಮೋನೋಕ್ಲೋನಲ್ ಆಂಟಿಬಾಡಿ ತಯಾರಿಸುವ ದಾರಿಯನ್ನು ಪ್ರಕಟಿಸಿದರು. ಅದಕ್ಕೆ ಪೇಟೆಂಟೇ ಆಗಲಿಲ್ಲ.

ನಮ್ಮ ಪೇಟೆಂಟ್ ಕಾಯಿದೆಯ 31ನೇ ಕಲಮು 12 ತಿಂಗಳ ವಿನಾಯಿತಿ ಕೊಡುತ್ತದೆ ನಿಜ. ಆದರೆ ಅದು ವಿದ್ವತ್ ಸಂಘದ ಮುಂದೆ ಓದಿದ ಪ್ರಬಂಧ, ಸರ್ಕಾರ ಅಧಿಸೂಚಿಸಿದ ಪ್ರದರ್ಶನ ಮುಂತಾದ ಕೆಲವೇ ಸಂದರ್ಭಗಳಿಗೆ. ಸಾಮಾನ್ಯ ಜರ್ನಲ್ ಲೇಖನ, ಪ್ರಿಪ್ರಿಂಟ್, ಲಿಂಕ್ಡ್‌ಇನ್ ಪೋಸ್ಟ್ ಇದರ ನೆರಳಿಗೆ ಬರುತ್ತವೆ ಎಂದು ನಂಬಿ ಕೂರಬೇಡಿ. ಯುರೋಪಿನಲ್ಲಂತೂ ಇಷ್ಟು ಸಡಿಲವೂ ಇಲ್ಲ.

ಎಲ್ಲರೂ ಮರೆಯುವ ಬಾಗಿಲೊಂದಿದೆ, ಪಿಎಚ್‌.ಡಿ ಪ್ರಬಂಧ. ಶೋಧಗಂಗಾಕ್ಕೆ ಏರಿದ ದಿನವೇ ಅದು ಪ್ರಕಟಣೆ. ಕಾನ್ಫರೆನ್ಸ್‌ನ ಅಬ್‌ಸ್ಟ್ರ್ಯಾಕ್ಟ್ ಪುಸ್ತಕ ಸಮ್ಮೇಳನಕ್ಕೆ ವಾರಗಳ ಮೊದಲೇ ಅಂತರ್ಜಾಲಕ್ಕೆ ಬಂದಿರುತ್ತದೆ. ಆದ್ದರಿಂದ ಪ್ರಬಂಧ ಸಲ್ಲಿಸುವ ಮೊದಲು ತುಂಬುವ ಫಾರಂಗಳಲ್ಲಿ ‘ಪೇಟೆಂಟ್ ಮಾಡಬಹುದಾದದ್ದು ಇದೆಯೇ?’ ಎಂಬ ಒಂದು ಸಾಲು ಸೇರಿಸಿ ಎಂದು ಪ್ರತಿ ವಿಶ್ವವಿದ್ಯಾಲಯಕ್ಕೂ ಹೇಳುತ್ತೇನೆ. ಒಂದು ಸಾಲು, ಒಂದು ಸಹಿ. ಖರ್ಚೇನೂ ಇಲ್ಲ.

2. ಪ್ರಾವಿಷನಲ್‌ನಲ್ಲಿ ಬರೆದಷ್ಟಕ್ಕೇ ರಕ್ಷಣೆ

‘ಸರ್, ನಾಳೆ ಸೆಮಿನಾರ್ ಇದೆ, ಎರಡು ಪುಟದ ಪ್ರಾವಿಷನಲ್ ಹಾಕಿಬಿಡೋಣ’ ಎಂಬ ಕರೆ ಆಗಾಗ ಬರುತ್ತದೆ. ಹಾಕಬಹುದು. ಈ ತಾತ್ಕಾಲಿಕ ಅರ್ಜಿಯ ನಂತರ ಪೂರ್ಣ ವಿವರಣೆಗೆ, ಅಂದರೆ ಕಂಪ್ಲೀಟ್ ಸ್ಪೆಸಿಫಿಕೇಷನ್‌ಗೆ, 12 ತಿಂಗಳು ಸಿಗುತ್ತದೆ. ಆದರೆ ಮೊದಲ ದಿನಾಂಕದ ಲಾಭ ಅಲ್ಲಿ ವಿವರಿಸಿದ ವಿಷಯಕ್ಕೆ ಮಾತ್ರ. ಪ್ರಾವಿಷನಲ್‌ನಲ್ಲಿ ಚಿನ್ನದ ಕಣ ಮಾತ್ರ ಇದ್ದು, ಕಂಪ್ಲೀಟ್‌ನಲ್ಲಿ ಚಿನ್ನದ ಮೇಲೆ ಪಾಲಿಮರ್ ಹೊದಿಕೆ ಸೇರಿಸಿದರೆ ಆ ಹೊದಿಕೆಗೆ ಹೊಸ ದಿನಾಂಕ. ನಡುವೆ ಹೊದಿಕೆಯ ಬಗ್ಗೆ ನೀವೇ ಪೇಪರ್ ಬರೆದಿದ್ದರೆ ಪರೀಕ್ಷಕರು ಅದನ್ನೇ ನಿಮ್ಮ ಎದುರು ಇಡುತ್ತಾರೆ. ಆದ್ದರಿಂದ ಪ್ರಾವಿಷನಲ್‌ನಲ್ಲೇ ಯೋಚಿಸಿದ ಎಲ್ಲ ಲೋಹ, ಹೊದಿಕೆ, ಔಷಧ ಮತ್ತು ಗಾತ್ರಗಳನ್ನು ಬರೆಯಿರಿ. ಪೇಪರಿನ ಕರಡು ಇದ್ದರೆ ಅದನ್ನೂ ಪೂರ್ತಿಯಾಗಿ ಸೇರಿಸಿ. ಅಂದವಾಗಿರಬೇಕಿಲ್ಲ, ತುಂಬಿರಬೇಕು.

3. ಕಣ ಚಿಕ್ಕದಾಯಿತು ಎಂಬುದೇ ಆವಿಷ್ಕಾರವಲ್ಲ

ನ್ಯಾನೊಮೆಡಿಸಿನ್‌ನವರು ಕಂಠಪಾಠ ಮಾಡಬೇಕಾದ ಕಲಮು 3(ಡಿ). ಗೊತ್ತಿರುವ ವಸ್ತುವಿನ ಹೊಸ ರೂಪಕ್ಕೆ, ಗುಣಕಾರಿತ್ವ ಹೆಚ್ಚಾಗದಿದ್ದರೆ, ಪೇಟೆಂಟ್ ಇಲ್ಲ ಎನ್ನುತ್ತದೆ ಅದು. ವಿವರಣೆಯಲ್ಲಿ ಲವಣ, ಎಸ್ಟರ್, ಪಾಲಿಮಾರ್ಫ್ ಇವುಗಳ ಸಾಲಿನಲ್ಲಿ ‘ಕಣದ ಗಾತ್ರ’ವೂ ನಿಂತಿದೆ. ಅಂದರೆ ನ್ಯಾನೊ ರೂಪದ ಹಳೆಯ ಔಷಧವನ್ನು ಕಾನೂನು ಮೊದಲ ನೋಟಕ್ಕೆ ಹಳೆಯ ಔಷಧವೆಂದೇ ಕಾಣುತ್ತದೆ. ಬೇರೆ ಎಂದು ತೋರಿಸುವ ಹೊಣೆ ನಮ್ಮದು.

2013ರ ಏಪ್ರಿಲ್ 1ರಂದು ನೊವಾರ್ಟಿಸ್ ಕಂಪನಿಯ ಕ್ಯಾನ್ಸರ್ ಔಷಧ ಗ್ಲಿವೆಕ್‌ನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಬಿಗಿ ಮಾಡಿತು. ಔಷಧದ ವಿಷಯದಲ್ಲಿ ಗುಣಕಾರಿತ್ವ ಎಂದರೆ ರೋಗ ಗುಣಪಡಿಸುವ ಶಕ್ತಿಯೇ ಎಂದಿತು. ಕಂಪನಿ ಮುಂದಿಟ್ಟಿದ್ದು ದೇಹದಲ್ಲಿ ಔಷಧದ ಲಭ್ಯತೆ ಶೇ. 30ರಷ್ಟು ಹೆಚ್ಚಿತು ಎಂಬ ಇಲಿಗಳ ದತ್ತಾಂಶ. ಲಭ್ಯತೆ ಹೆಚ್ಚಿದ್ದರಿಂದ ಗುಣವೂ ಹೆಚ್ಚಿತು ಎಂಬುದನ್ನು ಬೇರೆಯಾಗಿ ಸಾಬೀತು ಮಾಡಬೇಕು ಎಂದು ಕೋರ್ಟ್ ಹೇಳಿತು.

ನಮ್ಮ ಫಾರ್ಮಸಿ ವಿಭಾಗಗಳಿಂದ ಬರುವ ದತ್ತಾಂಶ ನಿಲ್ಲುವುದು ಬಹುಪಾಲು ಈ ಹಂತದಲ್ಲೇ. ಕರಗುವಿಕೆ ಹೆಚ್ಚಾಯಿತು, ಬಿಡುಗಡೆ ನಿಧಾನವಾಯಿತು, ಕೋಶದೊಳಗೆ ಹೆಚ್ಚು ಹೊಕ್ಕಿತು, ಗ್ರಾಫ್ ಚೆನ್ನಾಗಿದೆ. ಕಾಯಿಲೆ ಹೆಚ್ಚು ವಾಸಿಯಾಯಿತೇ? ಅದಕ್ಕೆ ಉತ್ತರ ಇಲ್ಲ. ಹೀಗಾಗಿ ಪ್ರಯೋಗ ಶುರುವಾಗುವ ಮೊದಲೇ ಮೂರು ಹೋಲಿಕೆ ಕೇಳುತ್ತೇನೆ. ಒಂದು, ಅದೇ ಪ್ರಮಾಣದ ಸಾದಾ ಔಷಧ. ಎರಡು, ಔಷಧ ತುಂಬದ ಬರಿಯ ನ್ಯಾನೊಕಣ; ಗುಣ ಕಣದ್ದೋ ಔಷಧದ್ದೋ ಎಂದು ಇಲ್ಲದಿದ್ದರೆ ತಿಳಿಯುವುದಿಲ್ಲ. ಮೂರು, ಈಗ ಮಾರುಕಟ್ಟೆಯಲ್ಲಿರುವ ಅಥವಾ ಸಾಹಿತ್ಯದಲ್ಲಿರುವ ಅತ್ಯಂತ ಹತ್ತಿರದ ಸೂತ್ರ. ಆಲ್ಬುಮಿನ್‌ಗೆ ಅಂಟಿದ ಪ್ಯಾಕ್ಲಿಟ್ಯಾಕ್ಸೆಲ್‌ಗೆ ಅಮೆರಿಕದಲ್ಲಿ 2005ರಲ್ಲಿ ಒಪ್ಪಿಗೆ ಸಿಕ್ಕಿದ್ದರ ಹಿಂದೆ ಸಾದಾ ಪ್ಯಾಕ್ಲಿಟ್ಯಾಕ್ಸೆಲ್ ಜೊತೆ ನೇರ ಹೋಲಿಕೆಯ ಪ್ರಯೋಗ ಇತ್ತು. ವಿಶ್ವವಿದ್ಯಾಲಯದ ಲ್ಯಾಬು ಆ ಗಾತ್ರದ ಪ್ರಯೋಗ ಮಾಡಲಾರದು. ಆದರೆ ಪ್ರಾಣಿಗಳಲ್ಲಿ ಗೆಡ್ಡೆ ಎಷ್ಟು ಕುಗ್ಗಿತು, ಅವು ಎಷ್ಟು ದಿನ ಬದುಕಿದವು ಎಂದು ಸಾದಾ ಔಷಧದ ಪಕ್ಕದಲ್ಲಿಟ್ಟು ತೋರಿಸಬಹುದು. ಆ ಒಂದು ಕೋಷ್ಟಕ ನನ್ನ ಹತ್ತು ಪುಟದ ವಾದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

4. ಎಷ್ಟು ನ್ಯಾನೊಮೀಟರ್? ಯಾವ ಯಂತ್ರದಲ್ಲಿ?

‘50 ನ್ಯಾನೊಮೀಟರ್ ಕಣ’ ಎಂದು ಕ್ಲೇಮ್ (ಹಕ್ಕು ಕೇಳುವ ವಾಕ್ಯ) ಬರೆದುಕೊಡುತ್ತಾರೆ. ಡಿಎಲ್‌ಎಸ್ ಅಳೆಯುವುದು ದ್ರವದಲ್ಲಿ ಓಡಾಡುವ ಕಣವನ್ನು, ಹೊದಿಕೆ ಮತ್ತು ಅಂಟಿಕೊಂಡ ನೀರಿನ ಪದರದ ಸಮೇತ. ಟಿಇಎಂ ತೋರಿಸುವುದು ಒಣಗಿದ ಕಣದ ತಿರುಳನ್ನು. ಒಂದೇ ಸೀಸೆಯ ಮಾದರಿಗೆ ಎರಡು ಯಂತ್ರ ಎರಡು ಸಂಖ್ಯೆ ಕೊಡುವುದು ಸಹಜ. ವಿಧಾನ ಹೇಳದ ಸಂಖ್ಯೆಯನ್ನು ಪರೀಕ್ಷಕರು ಅಸ್ಪಷ್ಟ ಎನ್ನುತ್ತಾರೆ. ಪೇಟೆಂಟ್ ಸಿಕ್ಕರೂ ಎದುರಾಳಿ ‘ನಮ್ಮ ಕಣ ನಿಮ್ಮ ವ್ಯಾಪ್ತಿಯಲ್ಲಿಲ್ಲ’ ಎಂದು ಪಾರಾಗುತ್ತಾನೆ. ಯಂತ್ರ, ಮಾಧ್ಯಮ, ಪಿಎಚ್, ಉಷ್ಣಾಂಶ, ಸರಾಸರಿ ಯಾವ ಬಗೆಯದು ಇವೆಲ್ಲ ಲ್ಯಾಬ್ ಪುಸ್ತಕದಲ್ಲಿ ಇರಲಿ.

ಇನ್ನೊಂದು ಚಟ 1ರಿಂದ 1000 ನ್ಯಾನೊಮೀಟರ್‌ವರೆಗೂ ಬಲೆ ಬೀಸುವುದು. ಅಷ್ಟು ಅಗಲದ ಬಲೆಯೊಳಗೆ ಹಿಂದಿನವರ ಕೆಲಸವೆಲ್ಲ ಬಂದು ಬೀಳುತ್ತದೆ. ಅಗಲದ ವ್ಯಾಪ್ತಿ, ಅದರೊಳಗೆ ನಡುವಿನದು, ಅದರೊಳಗೆ ನಿಜವಾಗಿ ಕೆಲಸ ಮಾಡಿದ ಇಕ್ಕಟ್ಟಿನದು: ಮೂರನ್ನೂ ಮೊದಲೇ ಬರೆದಿಡಿ. 59ನೇ ಕಲಮಿನ ಪ್ರಕಾರ, ಮೂಲದಲ್ಲಿ ಇಲ್ಲದ್ದನ್ನು ತಿದ್ದುಪಡಿಯಲ್ಲಿ ಸೇರಿಸುವಂತಿಲ್ಲ.

5. ಎಲೆಯ ರಸ, ಬೆಳ್ಳಿಯ ಕಣ

ತುಳಸಿ, ಬೇವು, ಅಮೃತಬಳ್ಳಿ. ಯಾವುದಾದರೂ ಎಲೆಯ ರಸಕ್ಕೆ ಸಿಲ್ವರ್ ನೈಟ್ರೇಟ್ ಬೆರೆಸಿ, ಬಣ್ಣ ಕಂದಾದದ್ದನ್ನು ಕಂಡು, ಬ್ಯಾಕ್ಟೀರಿಯಾ ಸತ್ತದ್ದನ್ನು ಅಳೆಯುವ ಕೆಲಸ ನಮ್ಮ ಕಾಲೇಜುಗಳಲ್ಲಿ ಹೇರಳ. ಗಿಡ ಬದಲಾದ ಮಾತ್ರಕ್ಕೆ ಆವಿಷ್ಕಾರ ಬದಲಾಗುವುದಿಲ್ಲ. ಆ ಗಿಡದಿಂದ ಬಂದ ಕಣ ಬೇರೆ ಕಣ ಮಾಡದ್ದನ್ನು ಮಾಡುತ್ತದೆಯೇ ಎಂಬುದೇ ಪ್ರಶ್ನೆ. ಗಾಯಕ್ಕೆ ಒಳ್ಳೆಯದು ಎಂದು ಪರಂಪರೆಗೆ ಗೊತ್ತಿರುವ ಗಿಡವಾದರೆ ಪಾರಂಪರಿಕ ಜ್ಞಾನವನ್ನು ಹೊರಗಿಡುವ 3(ಪಿ) ಕಲಮೂ ಎದುರಾಗುತ್ತದೆ. ಅರಿಸಿನದ ಪ್ರಕರಣ ನೆನಪಿರಲಿ. ಗಾಯ ಮಾಯಲು ಅರಿಸಿನಪುಡಿ ಬಳಸುವುದಕ್ಕೆ 1995ರಲ್ಲಿ ಅಮೆರಿಕದ ಪೇಟೆಂಟ್ ಪಡೆದದ್ದು ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರ. ನಮ್ಮ ಸಿಎಸ್‌ಐಆರ್ ಹಳೆಯ ಗ್ರಂಥ ಮತ್ತು ಲೇಖನಗಳನ್ನು ಮುಂದಿಟ್ಟಿತು. 1997ರಲ್ಲಿ ಅದು ರದ್ದಾಯಿತು.

ಜೊತೆಗೆ ಗಿಡ ಎಲ್ಲಿಂದ ತಂದದ್ದು ಎಂಬುದನ್ನು ಸ್ಪೆಸಿಫಿಕೇಷನ್‌ನಲ್ಲಿ ಹೇಳಬೇಕು. ಜೀವವೈವಿಧ್ಯ ಕಾಯಿದೆಯ 2023ರ ತಿದ್ದುಪಡಿಯ ನಂತರ, ಭಾರತದ ಜೈವಿಕ ಸಂಪನ್ಮೂಲ ಬಳಸಿದ ಭಾರತೀಯ ಸಂಸ್ಥೆ ಪೇಟೆಂಟ್ ಮಂಜೂರಾಗುವ ಮೊದಲು ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದಲ್ಲಿ ನೋಂದಾಯಿಸಬೇಕು. ಎಲೆ ಕಿತ್ತ ದಿನವೇ ಊರು ಮತ್ತು ದಿನಾಂಕ ಬರೆದಿಟ್ಟವರಿಗೆ ಇದು ತೊಡಕೇ ಅಲ್ಲ.

6. ಚಿಕಿತ್ಸೆಗೆ ಪೇಟೆಂಟಿಲ್ಲ, ಸಾಧನಕ್ಕಿದೆ

ರೋಗಿಗೆ ಚಿಕಿತ್ಸೆ ಕೊಡುವ, ರೋಗ ಪತ್ತೆಹಚ್ಚುವ ವಿಧಾನಗಳನ್ನು 3(ಐ) ಕಲಮು ಹೊರಗಿಡುತ್ತದೆ. ಅಮೆರಿಕದಲ್ಲಿ ಚಿಕಿತ್ಸಾ ವಿಧಾನಕ್ಕೆ ಕ್ಲೇಮ್ ಸಿಗುತ್ತದೆ. ಹಾಗಾಗಿ ಅಲ್ಲಿನ ಅರ್ಜಿಯ ಕ್ಲೇಮನ್ನೇ ಇಲ್ಲಿ ಇಟ್ಟರೆ ಮೊದಲ ಪರೀಕ್ಷಾ ವರದಿಯಲ್ಲೇ ಪೆಟ್ಟು. ಸೆನ್ಸರ್ ಇದ್ದರೆ ಎಲೆಕ್ಟ್ರೋಡ್, ಅದರ ಮೇಲಿನ ನ್ಯಾನೊಪದರ, ಆ ಪದರ ಕೂರಿಸುವ ಪ್ರಕ್ರಿಯೆ ಮತ್ತು ಕಿಟ್‌ನ ಮೇಲೆ ಕ್ಲೇಮ್ ಕಟ್ಟಿ.

‘ನಮ್ಮದು ದೇಹದ ಹೊರಗೆ ಮಾಡುವ ಪರೀಕ್ಷೆ, ಹಾಗಾಗಿ ಚಿಂತೆಯಿಲ್ಲ’ ಎನ್ನುವವರಿಗೆ ಮದ್ರಾಸ್ ಹೈಕೋರ್ಟಿನ 2023ರ ತೀರ್ಪು ಓದಿ ಎನ್ನುತ್ತೇನೆ. ಹಾಂಗ್‌ಕಾಂಗ್‌ನ ಚೈನೀಸ್ ವಿಶ್ವವಿದ್ಯಾಲಯದ ಗರ್ಭಸ್ಥ ಶಿಶುವಿನ ಡಿಎನ್‌ಎ ಕುರಿತ ಅರ್ಜಿಯದು. ಪರೀಕ್ಷೆ ಲ್ಯಾಬಿನಲ್ಲಿ ನಡೆಯಿತೋ ದೇಹದಲ್ಲೋ ಎಂಬುದು ಮುಖ್ಯವಲ್ಲ, ಆ ವಿಧಾನ ತಾನಾಗಿ ರೋಗವನ್ನು ಹೇಳಿಬಿಡುತ್ತದೆಯೇ ಎಂಬುದು ಮುಖ್ಯ ಎಂಬ ದಿಕ್ಕಿನಲ್ಲಿ ಅದು ಸಾಗುತ್ತದೆ.

7. ಹೆಸರು ಗೌರವಕ್ಕಲ್ಲ, ಹಕ್ಕು ಬಾಯಿಮಾತಿಗಲ್ಲ

ಪೇಪರಿನಲ್ಲಿ ವಿಭಾಗದ ಮುಖ್ಯಸ್ಥರ ಹೆಸರು ಸೇರಿಸುವುದು ರೂಢಿ ಇರಬಹುದು. ಪೇಟೆಂಟಿನಲ್ಲಿ ಆವಿಷ್ಕಾರಕ ಎಂದರೆ ಪರಿಹಾರದ ಕಲ್ಪನೆಗೆ ಪಾಲು ಕೊಟ್ಟವರು ಮಾತ್ರ. ರಕ್ತದ ಮಾದರಿ ಕಳಿಸಿದ ವೈದ್ಯರಿಗೆ ಕೃತಜ್ಞತೆ ಸಲ್ಲಬೇಕು, ಆವಿಷ್ಕಾರಕ ಪಟ್ಟ ಅಲ್ಲ. ‘ಈ ಪ್ರೋಟೀನು ಬೇಡ, ಆ ಗುರುತನ್ನು ಹಿಡಿಯಿರಿ, ಹೀಗೆ ಹಿಡಿಯಿರಿ’ ಎಂದ ವೈದ್ಯರು ಆವಿಷ್ಕಾರಕರೇ.

ಹಕ್ಕಿನ ವರ್ಗಾವಣೆ ಬೇರೆ ಮಾತು. ನೌಕರರ ಆವಿಷ್ಕಾರ ಯಾರದ್ದು ಎಂದು ನಮ್ಮ ಪೇಟೆಂಟ್ ಕಾಯಿದೆ ಹೇಳುವುದಿಲ್ಲ, ಒಪ್ಪಂದವೇ ಗತಿ. ಸ್ಕಾಲರ್‌ಗಳಂತೂ ನೌಕರರೂ ಅಲ್ಲ. ಅಮೆರಿಕದಲ್ಲಿ ಸ್ಟ್ಯಾನ್‌ಫರ್ಡ್ ತನ್ನ ಸಂಶೋಧಕನಿಂದ ‘ಮುಂದೆ ವರ್ಗಾಯಿಸಲು ಒಪ್ಪುತ್ತೇನೆ’ ಎಂದು ಬರೆಸಿಕೊಂಡಿತ್ತು. ಅದೇ ಸಂಶೋಧಕ ಕಂಪನಿಯೊಂದರ ಲ್ಯಾಬಿಗೆ ಕಲಿಯಲು ಹೋದಾಗ ‘ಈ ಮೂಲಕ ವರ್ಗಾಯಿಸುತ್ತೇನೆ’ ಎಂಬುದಕ್ಕೆ ಸಹಿ ಹಾಕಿದ್ದ. ಎಚ್‌ಐವಿ ಅಳೆಯುವ ತಂತ್ರದ ಆ ವ್ಯಾಜ್ಯದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋದ ಸ್ಟ್ಯಾನ್‌ಫರ್ಡ್ ಸೋತಿತು. ಸ್ಕಾಲರ್ ಲ್ಯಾಬಿಗೆ ಸೇರುವ ದಿನವೇ ಸರಿಯಾದ ಒಪ್ಪಂದಕ್ಕೆ ಸಹಿ ಆಗಲಿ. ವಿದೇಶಕ್ಕೆ ಪೋಸ್ಟ್‌ಡಾಕ್‌ಗೆ ಹೋದ ಮೇಲೆ ಅವರನ್ನು ಹುಡುಕುವುದು ಎಲ್ಲರಿಗೂ ಕಷ್ಟ.

8. ಗಡಿ ದಾಟುವ ಮೊದಲು ಅನುಮತಿ

ಭಾರತದಲ್ಲಿ ವಾಸಿಸುವ ಆವಿಷ್ಕಾರಕರಿದ್ದರೆ ವಿದೇಶದಲ್ಲಿ ಅರ್ಜಿ ಹಾಕುವ ಮೊದಲು 39ನೇ ಕಲಮಿನಡಿ ಅನುಮತಿ ಬೇಕು. ಇಲ್ಲವೇ ಇಲ್ಲಿ ಮೊದಲು ಅರ್ಜಿ ಹಾಕಿ ಆರು ವಾರ ಕಾಯಬೇಕು. ಜಂಟಿ ಸಂಶೋಧನೆಯಲ್ಲಿ ಅಲ್ಲಿನ ವಿಶ್ವವಿದ್ಯಾಲಯ ತನ್ನ ರೂಢಿಯಂತೆ ತಕ್ಷಣ ಅರ್ಜಿ ಹಾಕಿಬಿಡುತ್ತದೆ, ಇಲ್ಲಿನ ಹಕ್ಕಿಗೇ ಕುತ್ತು ಬರುತ್ತದೆ. ಜಂಟಿ ಸಂಶೋಧನೆಯ ಒಪ್ಪಂದದಲ್ಲೇ ‘ಮೊದಲು ಭಾರತದ ಅನುಮತಿ’ ಎಂಬ ಸಾಲು ಇರಲಿ. ಪಿಸಿಟಿ ಎಂಬ ಅಂತರರಾಷ್ಟ್ರೀಯ ಪೇಟೆಂಟ್ ಒಪ್ಪಂದದ ಮೂಲಕ ಹೋದರೆ ಮೊದಲ ದಿನಾಂಕದಿಂದ 30 ಅಥವಾ 31 ತಿಂಗಳವರೆಗೆ ದೇಶ ಆರಿಸಿಕೊಳ್ಳಲು ಸಮಯ ಸಿಗುತ್ತದೆ. ದೊಡ್ಡ ಖರ್ಚು ಶುರುವಾಗುವುದು ಆಗಲೇ. ಆ ಹೊತ್ತಿಗೆ ಲೈಸೆನ್ಸ್ ಕೇಳುವ ಒಬ್ಬರಾದರೂ ಸಿಕ್ಕಿರಬೇಕು.

9. ಎಣಿಕೆಗಾಗಿ ಅರ್ಜಿ ಬೇಡ

2021ರಿಂದ ಶಿಕ್ಷಣ ಸಂಸ್ಥೆಗಳಿಗೆ ಸರ್ಕಾರಿ ಶುಲ್ಕದಲ್ಲಿ ಶೇ. 80 ರಿಯಾಯಿತಿ. ರ‍್ಯಾಂಕಿಂಗ್‌ನಲ್ಲಿ ‘ಪ್ರಕಟವಾದ’ ಪೇಟೆಂಟ್‌ಗೂ ಅಂಕ. ಎರಡೂ ಸೇರಿ ಅರ್ಜಿಗಳ ಭರಾಟೆ ಎದ್ದಿದೆ. ಪ್ರಕಟವಾಗುವುದು ಎಂದರೆ ಯಾರೋ ಒಪ್ಪಿದ್ದಾರೆ ಎಂದಲ್ಲ. 18 ತಿಂಗಳಾದರೆ ಅರ್ಜಿ ತಾನಾಗಿ ಪ್ರಕಟವಾಗುತ್ತದೆ. ಅಂಕಕ್ಕಾಗಿ ಅವಸರದಲ್ಲಿ ಬೇಗ ಪ್ರಕಟಿಸಿದರೆ ಅದೇ ಮುಂದಿನ ಸುಧಾರಿತ ಕಣಕ್ಕೆ ಅಡ್ಡಗಾಲು. ಮೊದಲ ದಿನಾಂಕದಿಂದ 31 ತಿಂಗಳೊಳಗೆ ಪರೀಕ್ಷೆ ಕೋರದಿದ್ದರೆ ಅರ್ಜಿ ಸತ್ತಂತೆ. ಮಂಜೂರಾದರೆ ಮೂರನೇ ವರ್ಷದಿಂದ ನವೀಕರಣ ಶುಲ್ಕ.

ಕಾದರೆ ಫಲ ಸಿಗುವುದೂ ಉಂಟು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕಾರಿಕೊ ಮತ್ತು ವೈಸ್‌ಮನ್ 2005ರ ಸುಮಾರಿಗೆ ಹಕ್ಕು ಕೇಳಿದ್ದು ಒಂದು ಲಸಿಕೆಗಲ್ಲ, ನ್ಯೂಕ್ಲಿಯೊಸೈಡ್ ಮಾರ್ಪಡಿಸಿದ ಆರ್‌ಎನ್‌ಎಗೆ. ಅದನ್ನು ಬಳಸಿದ ಕೋವಿಡ್ ಲಸಿಕೆ ಬಂದದ್ದು 15 ವರ್ಷದ ನಂತರ. ಬೇರೆಯವರು ಬಳಸದೆ ವಿಧಿಯಿಲ್ಲದ ತತ್ತ್ವವನ್ನು ಹಿಡಿದದ್ದರಿಂದ ಆ ಪೇಟೆಂಟ್ ಬದುಕಿತು. ಅಲ್ಲಿಂದ ನಾನು ಕಲಿತ ಪರೀಕ್ಷೆ ಒಂದೇ: ಇದೇ ಕೆಲಸ ಮಾಡಬೇಕೆಂದಿರುವ ಕಂಪನಿ ನಿಮ್ಮ ಕ್ಲೇಮನ್ನು ಸುತ್ತಿಬಳಸಿ ಹೋಗಬಲ್ಲದೇ? ಒಂದು ಎಲೆ ಬದಲಿಸಿ, ಹತ್ತು ನ್ಯಾನೊಮೀಟರ್ ಹೆಚ್ಚಿಸಿ ದಾಟಬಹುದಾದರೆ ಒಳ್ಳೆಯ ಪೇಪರ್ ಬರೆಯಿರಿ, ಎಲ್ಲರೂ ಓದಲಿ. ದಾಟಲಾಗದಿದ್ದರೆ ಪೇಪರನ್ನು ಡ್ರಾಯರಿನಲ್ಲಿಟ್ಟು ಮೊದಲು ಫೋನ್ ಮಾಡಿ.