ಟಾರ್ಚಿನೊಳಗಣ ಪ್ರವಾಹ ನಿಯಂತ್ರಕ

ಹಿಂದಿನ ಕಾಲದ ಟಾರ್ಚಿನಲ್ಲಿ ಮುಖ್ಯವಾಗಿ ಇದ್ದುದು ಮೂರು ವಸ್ತುಗಳು: ಸೆಲ್, ಗುಂಡಿ ಮತ್ತು ಬಲ್ಬು. ಇಂದಿನ ಎಲ್‌ಇಡಿ ಟಾರ್ಚನ್ನು ಬಿಚ್ಚಿದರೆ ನಾಲ್ಕನೆಯದೊಂದು ಕಾಣುತ್ತದೆ. ದೀಪದ ಹಿಂಬದಿಯಲ್ಲಿ ಅಡಗಿರುವ ದುಂಡನೆಯ ಪುಟ್ಟ ಹಲಗೆಯೇ ಅದು. ಅನೇಕ ಟಾರ್ಚುಗಳಲ್ಲಿ ಅದರ ವ್ಯಾಸ ಕೇವಲ 17 ಮಿಲಿಮೀಟರ್. ಇದಕ್ಕೆ ಡ್ರೈವರ್ ಎಂದು ಹೆಸರು. ಇದು ಏತಕ್ಕೆ ಬೇಕಾಯಿತು? ಇದನ್ನು ನಾವೇ ಮಾರ್ಪಡಿಸಬಹುದೆ? ಮಾರ್ಪಡಿಸಿದರೆ ದೊರೆಯುವ ಲಾಭವೇನು, ತೆರಬೇಕಾದ ಬೆಲೆಯೇನು?

ಬಲ್ಬಿಗೂ ಎಲ್‌ಇಡಿಗೂ ಇರುವ ಭೇದ

ಬಲ್ಬಿನ ತಂತಿ ಕಾದಂತೆಲ್ಲ ಅದರ ರೋಧವೂ ಹೆಚ್ಚುತ್ತದೆ. ಆದುದರಿಂದ ಅದರಲ್ಲಿ ಹರಿಯುವ ಪ್ರವಾಹ ತಾನಾಗಿಯೇ ಒಂದು ಮಿತಿಯಲ್ಲಿ ನಿಲ್ಲುತ್ತದೆ. ಎಲ್‌ಇಡಿ ಅರೆವಾಹಕದಿಂದಾದುದು, ಅದರ ಸ್ವಭಾವವೇ ಬೇರೆ. ಬಿಳಿ ಎಲ್‌ಇಡಿಗೆ 2 ವೋಲ್ಟ್ ಒದಗಿಸಿದರೆ ಬೆಳಕು ಹೊಮ್ಮುವುದಿಲ್ಲ. 3 ವೋಲ್ಟಿನ ಆಸುಪಾಸಿನಲ್ಲಿ ಪ್ರವಾಹ ಕಡಿದಾಗಿ ಏರತೊಡಗುತ್ತದೆ. ಅಲ್ಲಿಂದಾಚೆಗೆ ವೋಲ್ಟಿನ ಹತ್ತನೆಯ ಒಂದು ಪಾಲು ಹೆಚ್ಚಿದರೂ ಪ್ರವಾಹ ಬಹಳವಾಗಿ ಹೆಚ್ಚುತ್ತದೆ. ಸಾಲದುದಕ್ಕೆ, ಎಲ್‌ಇಡಿ ಬಿಸಿಯಾದಷ್ಟೂ ಅದೇ ಪ್ರವಾಹಕ್ಕೆ ಬೇಕಾಗುವ ವೋಲ್ಟೇಜು ತಗ್ಗುತ್ತದೆ. ಅಂದರೆ ಬಿಸಿಯಿಂದ ಪ್ರವಾಹ, ಪ್ರವಾಹದಿಂದ ಮತ್ತಷ್ಟು ಬಿಸಿ, ಹೀಗೆ ಅನರ್ಥದ ಸರಣಿಯೊಂದು ಮೊದಲಾಗಬಹುದು.

ಇತ್ತ ಲಿಥಿಯಮ್-ಅಯಾನ್ ಸೆಲ್ಲಿನ ವೋಲ್ಟೇಜು ಸ್ಥಿರವಲ್ಲ. ಪೂರ್ತಿ ತುಂಬಿದಾಗ ಅದು 4.2 ವೋಲ್ಟ್, ಬರಿದಾಗುತ್ತ ಬಂದಾಗ ಸುಮಾರು 3 ವೋಲ್ಟ್. ಇಂತಹ ಎರಡರ ನಡುವೆ ನಿಂತು ಪ್ರವಾಹವನ್ನು ಒಂದೇ ಮಟ್ಟದಲ್ಲಿರಿಸುವುದೇ ಡ್ರೈವರಿನ ಕರ್ತವ್ಯ.

ಚಿಪ್ ಮಾಡುವ ಕೆಲಸ

ಡ್ರೈವರುಗಳಲ್ಲಿ ಹಲವು ಬಗೆಗಳುಂಟು. ಒಂದೇ ಸೆಲ್ಲಿನ ಟಾರ್ಚುಗಳಲ್ಲಿ ವಿಶೇಷವಾಗಿ ಬಳಕೆಗೆ ಬಂದಿರುವ ಒಂದನ್ನು ಇಲ್ಲಿ ಪರಿಶೀಲಿಸೋಣ. ಅದರ ಹಲಗೆಯ ಮೇಲೆ ಮೂರು ಕಾಲುಗಳ ಪುಟ್ಟ ಕರಿಯ ಚಿಪ್‌ಗಳಿರುತ್ತವೆ. ಇವುಗಳ ಹೆಸರು ಎಎಂಸಿ 7135. ಒಂದೊಂದು ಚಿಪ್ ಸುಮಾರು 350 ಮಿಲಿಆಂಪೇರ್ ಪ್ರವಾಹವನ್ನು ಮಾತ್ರ ಹರಿಯಗೊಡುತ್ತದೆ. ತನ್ನಲ್ಲಿ ಹರಿಯುತ್ತಿರುವ ಪ್ರವಾಹವನ್ನು ಅದು ಎಡೆಬಿಡದೆ ಅಳೆಯುತ್ತ, ಹೆಚ್ಚಾದರೆ ದಾರಿಯನ್ನು ಕಿರಿದುಗೊಳಿಸುತ್ತದೆ, ಕಡಮೆಯಾದರೆ ಅಗಲಿಸುತ್ತದೆ. ಸೆಲ್ಲಿನ ವೋಲ್ಟೇಜಿನಲ್ಲಿ ಎಲ್‌ಇಡಿಗೆ ಬೇಕಾದುದಕ್ಕಿಂತ ಹೆಚ್ಚಾಗಿ ಉಳಿದುದು ಚಿಪ್‌ನಲ್ಲಿ ಶಾಖವಾಗಿ ವ್ಯಯವಾಗುತ್ತದೆ.

ಚಿಪ್‌ಗಳನ್ನು ಸಮಾಂತರವಾಗಿ ಜೋಡಿಸಿರುವುದರಿಂದ ಲೆಕ್ಕ ಬಹು ಸುಲಭ. ನಾಲ್ಕು ಚಿಪ್‌ಗಳಿದ್ದರೆ 4 × 350, ಅಂದರೆ 1400 ಮಿಲಿಆಂಪೇರ್. ಮಂದ ಬೆಳಕಿನ ಸೌಕರ್ಯವಿರುವ ಟಾರ್ಚುಗಳಲ್ಲಿ ಇನ್ನೊಂದು ಎಂಟು ಕಾಲಿನ ಚಿಪ್ ಇದ್ದು, ಅದು ಇವನ್ನು ಕಣ್ಣಿಗೆ ತಿಳಿಯದಷ್ಟು ಶೀಘ್ರವಾಗಿ ಹೊತ್ತಿಸಿ ಆರಿಸುತ್ತಿರುತ್ತದೆ. ಕಾಲದ ನಾಲ್ಕನೆಯ ಒಂದು ಪಾಲು ಮಾತ್ರ ಹೊತ್ತಿದ್ದರೆ ಸರಾಸರಿ ಪ್ರವಾಹ 350 ಮಿಲಿಆಂಪೇರ್ ಆಗುತ್ತದೆ.

ಹೆಚ್ಚಿಸುವುದೋ, ತಗ್ಗಿಸುವುದೋ?

ಇನ್ನೆರಡು ಚಿಪ್‌ಗಳನ್ನು ಬೆಸೆದು ಬೆಳಕನ್ನು ಹೆಚ್ಚಿಸುವ ಆಸೆ ಸಹಜ. ಆಗ ಪ್ರವಾಹ 2100 ಮಿಲಿಆಂಪೇರ್, ಎಂದರೆ ಒಂದೂವರೆ ಪಟ್ಟು. ಆದರೆ ಬೆಳಕು ಒಂದೂವರೆ ಪಟ್ಟಾಗದು. ಪ್ರವಾಹ ಏರಿದಂತೆ ಎಲ್‌ಇಡಿಯ ದಕ್ಷತೆ ಕುಂದುತ್ತದೆ. ಹೆಚ್ಚಿದ ಬೆಳಕೂ ನಮ್ಮ ಕಣ್ಣಿಗೆ ಅಲ್ಪವಾಗಿಯೇ ತೋರುತ್ತದೆ. ಇನ್ನು ಖರ್ಚನ್ನು ನೋಡಿ. 1400 ಮಿಲಿಆಂಪೇರಿನಲ್ಲಿ ಎಲ್‌ಇಡಿಗೆ 3.2 ವೋಲ್ಟ್ ಬೇಕೆಂದು ಎಣಿಸಿದರೆ, ಅದು ಹೀರುವ ಸಾಮರ್ಥ್ಯ ಸುಮಾರು 4.5 ವ್ಯಾಟ್. 2100 ಮಿಲಿಆಂಪೇರಿಗೆ 3.4 ವೋಲ್ಟ್ ಎಂದರೆ 7.1 ವ್ಯಾಟ್. ಇದರ ಬಹುಭಾಗ ಶಾಖವಾಗುತ್ತದೆ. ಆ ಶಾಖ ಹೊರಹೋಗಲು ಟಾರ್ಚಿನ ಲೋಹದ ಮೈ ಒಂದೇ ಮಾರ್ಗ. ಅದು ಸಾಲದೆ ಹೋದರೆ ಎಲ್‌ಇಡಿಯ ಆಯುಷ್ಯ ಕ್ಷೀಣಿಸುತ್ತದೆ. 2800 ಮಿಲಿಆಂಪೇರ್-ಗಂಟೆಯ ಸೆಲ್ ಮೊದಲು 2 ಗಂಟೆ ಬರುತ್ತಿದ್ದರೆ ಈಗ 1 ಗಂಟೆ 20 ನಿಮಿಷ ಮಾತ್ರ.

ಇದಕ್ಕೆ ವಿರುದ್ಧವಾಗಿ ನಾಲ್ಕರಲ್ಲಿ ಒಂದು ಚಿಪ್‌ನ ಕೆಲಸವನ್ನು ನಿಲ್ಲಿಸಿ ನೋಡಿ. ಪ್ರವಾಹ 1050 ಮಿಲಿಆಂಪೇರಿಗೆ ಇಳಿಯುತ್ತದೆ. ಸೆಲ್ 2 ಗಂಟೆ 40 ನಿಮಿಷ ಬರುತ್ತದೆ. ಬೆಳಕಿನ ಇಳಿತವಾದರೋ ಕಾಲು ಪಾಲಿಗಿಂತ ಕಡಮೆ. ಕಣ್ಣಿಗೆ ಅದು ಅಷ್ಟಾಗಿ ಗೋಚರಿಸದು. ಮೊದಲ ಬಾರಿಗೆ ಕೈಹಾಕುವ ವಿದ್ಯಾರ್ಥಿಗೆ ಇದೇ ಯೋಗ್ಯವಾದ ಮಾರ್ಪಾಡು.

ಕೆಲಸದ ಕ್ರಮ

ಮೊದಲು ಪ್ರವಾಹವನ್ನು ಅಳೆಯಬೇಕು. ಟಾರ್ಚಿನ ಹಿಂಬದಿಯ ಮುಚ್ಚಳವನ್ನು ತೆಗೆದು, ಮಲ್ಟಿಮೀಟರನ್ನು 10 ಆಂಪೇರ್ ವ್ಯಾಪ್ತಿಗೆ ಇರಿಸಿ, ಅದರ ಒಂದು ಮೊನೆಯನ್ನು ಸೆಲ್ಲಿನ ಋಣ ತುದಿಗೂ ಇನ್ನೊಂದನ್ನು ಕೊಳವೆಯ ಬಣ್ಣವಿಲ್ಲದ ಅಂಚಿಗೂ ಮುಟ್ಟಿಸಿ. ಟಾರ್ಚು ಪೂರ್ಣ ಬೆಳಕಿನಲ್ಲಿರಲಿ. ಬಂದ ಅಂಕೆಯನ್ನು ಬರೆದುಕೊಳ್ಳಿ. ಬಳಿಕ ಸೆಲ್ಲನ್ನು ಹೊರತೆಗೆದು ದೂರವಿಡಿ. ಅದರ ಎರಡು ತುದಿಗಳಿಗೆ ಲೋಹ ತಗುಲಿದರೆ ಬೆಂಕಿ ಹೊತ್ತುವ ಅಪಾಯವುಂಟು.

ಟಾರ್ಚಿನ ತಲೆಯನ್ನು ತಿರುಗಿಸಿ ಬಿಚ್ಚಿ. ಹಲಗೆಯನ್ನು ಹಿಡಿದಿರುವ ಬಳೆಯಲ್ಲಿ ಎರಡು ಕಚ್ಚುಗಳಿದ್ದರೆ, ಅವುಗಳಲ್ಲಿ ಚಿಮಟದ ತುದಿಗಳನ್ನಿಟ್ಟು ತಿರುಗಿಸಿದರೆ ಅದು ಸಡಿಲವಾಗುತ್ತದೆ. ಹಲಗೆಯ ಅಂಚನ್ನು ಬೆಸೆದಿದ್ದರೆ ಬೆಸುಗೆಯನ್ನು ಕರಗಿಸಬೇಕಾಗುತ್ತದೆ. ಚಿಪ್‌ನ ನಡುಗಾಲು ಸೆಲ್ಲಿನ ಋಣ ತುದಿಗೆ ಸೇರಿದುದು. ಪಕ್ಕದ ಕಾಲುಗಳಲ್ಲಿ ಎಲ್‌ಇಡಿಯ ಋಣ ತಂತಿಯೊಡನೆ ಸಂಪರ್ಕವುಳ್ಳದ್ದನ್ನು ಮೀಟರಿನಿಂದ ಗುರುತಿಸಿ, ಅದೊಂದರ ಬೆಸುಗೆಯನ್ನು ಕರಗಿಸಿ ಸೂಜಿಯಿಂದ ಮೇಲೆತ್ತಿ. ಚಿಪ್ಪನ್ನು ಕೀಳಬೇಕಾದುದಿಲ್ಲ, ಕಾಲನ್ನು ಮರಳಿ ಬೆಸೆದರೆ ಟಾರ್ಚು ಮೊದಲಿನಂತಾಗುತ್ತದೆ.

ಮತ್ತೆ ಜೋಡಿಸುವಾಗ ಎಲ್‌ಇಡಿಯ ತಳ ಲೋಹಕ್ಕೆ ಗಟ್ಟಿಯಾಗಿ ಅಂಟಿಕೊಂಡಿದೆಯೆ ಎಂದು ಪರೀಕ್ಷಿಸಿ. ಸೆಲ್ಲನ್ನು ತಿರುವುಮುರುವಾಗಿ ಹಾಕಬೇಡಿ. ಉರಿಯುವ ಎಲ್‌ಇಡಿಯನ್ನು ನೇರವಾಗಿ ನೋಡಬೇಡಿ. ಕಡೆಗೆ ಪ್ರವಾಹವನ್ನು ಇನ್ನೊಮ್ಮೆ ಅಳೆಯಿರಿ. ಅದು ಮೊದಲಿನ ಅಂಕೆಯ ಮುಕ್ಕಾಲು ಪಾಲಿಗೆ ಸಮೀಪವಾಗಿದ್ದರೆ ಲೆಕ್ಕವೂ ಕೈಕೆಲಸವೂ ಒಂದನ್ನೊಂದು ಸಮರ್ಥಿಸಿದಂತಾಯಿತು.