ಗೆರೆ ಕಾಣುವ ತನಕ ಕೂಡು, ತಮ್ಮಾ

ಹೈದರಾಬಾದಿನ ಕೆಲಸ ಬಿಟ್ಟು ಹಬ್ಬಕ್ಕೆ ಬಂದಿದ್ದಿ, ಮನೆಯಲ್ಲಿ ಹುಡುಗಿ ಮೂರು ತಿಂಗಳ ಬಸುರಿ ಅಂತ ನಿಮ್ಮವ್ವ ಹೇಳಿದಳು. ಕೇಳಿ ಖುಷಿಯಾಯಿತು. ಒಂದು ಮಾತು ಹೇಳುತ್ತೇನೆ, ಸಿಟ್ಟಾಗಬೇಡ. ಎಚ್‌ಐವಿ, ಸಿಫಿಲಿಸ್ ಇದೆಯೋ ಅಂತ ಅವಳ ಜೊತೆ ನೀನೂ ರಕ್ತ ತೋರಿಸಿಕೊ.

ಉರಿಮೂತ್ರ ಬಂದರೆ ನಮ್ಮ ಕಡೆ ‘ಉಷ್ಣ ಆಗಿದೆ’ ಅಂತ ಮಜ್ಜಿಗೆ ಕುಡಿದು ಸುಮ್ಮನಾಗುತ್ತಾರೆ. ಸಿಫಿಲಿಸ್ ಹುಣ್ಣಿಗಂತೂ ಸಾಮಾನ್ಯವಾಗಿ ನೋವೇ ಇರುವುದಿಲ್ಲ. ತಾನಾಗಿ ಮಾಯುತ್ತದೆ, ರೋಗ ಮಾತ್ರ ಮೈಯಲ್ಲೇ ಉಳಿಯುತ್ತದೆ. ಬಸುರಿಗೆ ತಗುಲಿದರೆ ಕೂಸು ಹೊಟ್ಟೆಯಲ್ಲೇ ಹೋಗಬಹುದು.

ನಾನು ನರ್ಸ್ ಆಗಿದ್ದ ಕಾಲದಲ್ಲಿ ರಕ್ತ ತೆಗೆದು ‘ಮುಂದಿನ ವಾರ ಬಾ’ ಅನ್ನುತ್ತಿದ್ದೆವು. ತಾಂಡಾದಿಂದ ಬಂದವಳಿಗೆ ಅದೆಂದರೆ ಇನ್ನೊಂದು ದಿನದ ಕೂಲಿ ಹೋದಂತೆ. ಒಬ್ಬ ಹೆಣ್ಣುಮಗಳ ಚೀಟಿ ನನ್ನ ಮೇಜಿನ ಖಾನೆಯಲ್ಲೇ ಎರಡು ತಿಂಗಳು ಬಿದ್ದಿತ್ತು. ಅವಳು ಮತ್ತೆ ಬಂದಾಗ ಹೊಟ್ಟೆಯಲ್ಲಿ ಕೂಸಿರಲಿಲ್ಲ. ಆ ಚೀಟಿಯ ಮಡಿಕೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಈಗ ಹಾಗಿಲ್ಲ. ಬೆರಳ ತುದಿ ಚುಚ್ಚಿ ಒಂದು ಹನಿ ರಕ್ತ ಕಿಟ್ಟಿಗೆ ಬಿಡುತ್ತಾರೆ, ಮೇಲೆ ಹನಿ ದ್ರಾವಣ. ಕೆಂಪು ನಿಧಾನಕ್ಕೆ ಏರುತ್ತದೆ. 15–20 ನಿಮಿಷದಲ್ಲಿ ಗೆರೆ ಮೂಡುತ್ತದೆ. ಎಚ್‌ಐವಿ, ಸಿಫಿಲಿಸ್ ಎರಡನ್ನೂ ಒಂದೇ ಕಿಟ್ಟಿನಲ್ಲಿ ನೋಡುವುದೂ ಇದೆ. ಎಚ್‌ಐವಿ ಗೆರೆ ಬಂದರೆ ಎದೆಗೆಡಬೇಡ, ಬೇರೆ ಬೇರೆ ಕಿಟ್ಟುಗಳಲ್ಲಿ ಮೂರು ಸಲ ನೋಡಿಯೇ ಖಚಿತ ಮಾಡುತ್ತಾರೆ. ಆಮೇಲೆ ಮಾತ್ರೆ ಪುಕ್ಕಟೆ. ಸಿಫಿಲಿಸ್ ಹೊಸದಾಗಿದ್ದರೆ ಪೆನಿಸಿಲಿನ್ ಚುಚ್ಚುಮದ್ದು ಒಂದೇ ಸಲ ಸಾಕು, ಹಳೆಯದಾದರೆ ವಾರಕ್ಕೊಂದರಂತೆ ಮೂರು. ಅವಳಿಗೆ ಚುಚ್ಚಿ ನಿನ್ನನ್ನು ಬಿಟ್ಟರೆ ರೋಗ ನಿನ್ನಿಂದಲೇ ಮತ್ತೆ ಅವಳಿಗೆ ಬರಬಹುದು.

ಆಸ್ಟ್ರೇಲಿಯಾದ ದೂರದ ಮೂಲನಿವಾಸಿ ಊರುಗಳಲ್ಲೂ ಚೀಟಿಗೆ ಕಾಯುವ ಇದೇ ಪಾಡಿತ್ತು. ನಮ್ಮಲ್ಲಿ ಟಿಬಿ ಕಫ ನೋಡುವ ಜೀನ್‌ಎಕ್ಸ್‌ಪರ್ಟ್ ಯಂತ್ರವನ್ನೇ ಅಲ್ಲಿ ಊರ ದವಾಖಾನೆಗೆ ತಂದಿಟ್ಟರು. ಉರಿಮೂತ್ರ ತರುವ ಕ್ಲಮೈಡಿಯಾ, ಗೊನೊರಿಯಾ ಇದೆಯೋ ಇಲ್ಲವೋ ಒಂದೂವರೆ ಗಂಟೆಯಲ್ಲಿ ತಿಳಿಯಿತು, ಮದ್ದೂ ಬೇಗ ಸಿಕ್ಕಿತು. ನಮ್ಮ ಬೆರಳ ಕಿಟ್ಟು ಇವೆರಡನ್ನು ಹಿಡಿಯುವುದಿಲ್ಲ. ಅದಕ್ಕೇ ಉರಿ, ಕೀವು, ಬಿಳಿಸೆರಗು ಇದ್ದರೆ ಬಾಯಿಬಿಟ್ಟು ಹೇಳಬೇಕು.

ಹೊಸದಾಗಿ ತಗುಲಿದ್ದರೆ ಗೆರೆ ಮೂಡದೆಯೂ ಇರಬಹುದು, ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡಿಸು.

ಊರಿಗೆ ಗೊತ್ತಾದೀತು ಅಂತ ಅಂಜಬೇಡ. ಎಚ್‌ಐವಿ ವಿಷಯವನ್ನು ನಿನ್ನ ಒಪ್ಪಿಗೆಯಿಲ್ಲದೆ ಬಯಲು ಮಾಡಬಾರದೆಂದು 2017ರ ಕಾಯ್ದೆಯೇ ಇದೆ. ಔರಾದ್, ಭಾಲ್ಕಿ ತಾಲೂಕು ಆಸ್ಪತ್ರೆ, ಬೀದರಿನ ಬ್ರಿಮ್ಸ್ ಆಸ್ಪತ್ರೆ, ಯಾವುದು ಹತ್ತಿರವೋ ಅಲ್ಲಿ ಹೋಗಿ ‘ಐಸಿಟಿಸಿ ಎಲ್ಲಿ’ ಅಂತ ಕೇಳು, ಎಚ್‌ಐವಿ ಸಲಹೆ-ಪರೀಕ್ಷೆಯ ಕೇಂದ್ರ ಅದೇ. ಮೊದಲು ಫೋನಿನಲ್ಲಿ ಕೇಳಬೇಕೆನಿಸಿದರೆ 1097, ದುಡ್ಡು ಬೀಳುವುದಿಲ್ಲ.

ಸೋಮವಾರ ಮೊದಲ ಬಸ್ಸಿಗೆ ಇಬ್ಬರೂ ಹೋಗಿ ಬನ್ನಿ. ಗೆರೆ ನೋಡದೆ ವಾಪಸ್ ಬಸ್ಸು ಹತ್ತಬೇಡಿ.