ಬಿ.ಪಿ., ಎದೆನೋವಿನ ಮಾತ್ರೆ: ಅರಿತು ನುಂಗೋಣ



ನಮ್ಮ ಸಂಘಗಳ ಸಭೆಯಲ್ಲಿ ಉಳಿತಾಯ, ಸಾಲದ ಕಂತು, ಬ್ಯಾಂಕಿನ ಪಾಸ್‌ಬುಕ್ ಇವೆಲ್ಲದರ ಲೆಕ್ಕ ತಪ್ಪದೆ ನಡೆಯುತ್ತದೆ. ಆದರೆ ನಮ್ಮ ಚೀಲದಲ್ಲಿ, ಅಡುಗೆಮನೆಯ ಡಬ್ಬಿಯಲ್ಲಿ ಇರುವ ಮಾತ್ರೆಗಳ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ನಲವತ್ತು ದಾಟಿದ ಸದಸ್ಯೆಯರಲ್ಲಿ ಬಿ.ಪಿ. ಮಾತ್ರೆ ನುಂಗುವವರು ಬಹಳ ಮಂದಿ ಇದ್ದಾರೆ. ಅವರಲ್ಲಿ ಅನೇಕರ ಕೈಯಲ್ಲಿರುವುದು ಅಮ್ಲೋಡಿಪಿನ್ ಎಂಬ ಚಿಕ್ಕ ಮಾತ್ರೆ. ಯಾಕೆ ನುಂಗುತ್ತೀರಿ ಎಂದು ಕೇಳಿದರೆ "ಡಾಕ್ಟರು ಕೊಟ್ಟಿದ್ದಾರೆ" ಅಂತಾರೆ. ಯಾಕೆ ಬಿಟ್ಟಿರಿ ಎಂದು ಕೇಳಿದರೆ "ಈಗ ನಾರ್ಮಲ್ ಇದೆಯಲ್ಲ" ಅಂತಾರೆ. ಈ ಎರಡನೆಯ ಉತ್ತರವೇ ನಮ್ಮನ್ನು ಹೆಚ್ಚು ಚಿಂತೆಗೆ ಹಚ್ಚುತ್ತದೆ. ಆದ್ದರಿಂದ ಈ ತಿಂಗಳ ಆರೋಗ್ಯ ಪಾಠ ಈ ಮಾತ್ರೆಯ ಬಗ್ಗೆ. ಸಭೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿರಿ.

1. ಈ ಮಾತ್ರೆ ಮಾಡುವ ಕೆಲಸ ಏನು?

ನಮ್ಮ ರಕ್ತನಾಳಗಳ ಗೋಡೆಯಲ್ಲಿ ತೆಳ್ಳಗಿನ ಸ್ನಾಯು ಇದೆ. ಆ ಸ್ನಾಯುವಿನ ಕಣಗಳ ಒಳಗೆ ಕ್ಯಾಲ್ಸಿಯಂ ಹೋದಾಗ ಅದು ಬಿಗಿಯಾಗುತ್ತದೆ. ನಾಳ ಕಿರಿದಾಗುತ್ತದೆ, ಒತ್ತಡ ಏರುತ್ತದೆ. ತೋಟಕ್ಕೆ ನೀರು ಬಿಡುವ ಪೈಪಿನ ತುದಿಯನ್ನು ಬೆರಳಿನಿಂದ ಅದುಮಿದರೆ ನೀರು ಹೇಗೆ ರಭಸದಿಂದ ಚಿಮ್ಮುತ್ತದೆ, ಹಾಗೆ. ಕ್ಯಾಲ್ಸಿಯಂ ಒಳಹೋಗುವ ಆ ಸಣ್ಣ ಬಾಗಿಲುಗಳನ್ನು ಈ ಮಾತ್ರೆ ಭಾಗಶಃ ಮುಚ್ಚುತ್ತದೆ. ಸ್ನಾಯು ಸಡಿಲವಾಗುತ್ತದೆ, ನಾಳ ಅಗಲವಾಗುತ್ತದೆ, ಬಿ.ಪಿ. ಇಳಿಯುತ್ತದೆ. ಹೃದಯಕ್ಕೆ ರಕ್ತ ಕೊಡುವ ನಾಳಗಳೂ ಸಡಿಲವಾಗುವುದರಿಂದ, ನಡೆದಾಗ, ಭಾರ ಹೊತ್ತಾಗ ಬರುವ ಎದೆ ಬಿಗಿತವೂ ಕಡಿಮೆಯಾಗುತ್ತದೆ. ಆದ್ದರಿಂದಲೇ ಈ ಗುಂಪಿನ ಔಷಧಿಗಳಿಗೆ ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್ ಎಂಬ ಹೆಸರು.

ಈ ಗುಂಪಿನಲ್ಲಿ ಎರಡು ಬಗೆ ಇದೆ. ಅಮ್ಲೋಡಿಪಿನ್, ನಿಫೆಡಿಪಿನ್ ಮುಖ್ಯವಾಗಿ ರಕ್ತನಾಳವನ್ನು ಸಡಿಲಿಸುತ್ತವೆ. ಡಿಲ್ಟಿಯಾಜೆಮ್, ವೆರಾಪಮಿಲ್ ಹೃದಯದ ಬಡಿತವನ್ನೂ ನಿಧಾನ ಮಾಡುತ್ತವೆ. ಬಡಿತ ವಿಪರೀತ ವೇಗವಾಗಿ ಇರುವವರಿಗೂ ಇವನ್ನು ಕೊಡುವುದುಂಟು. ಹೆಸರು ಒಂದೇ ಗುಂಪಿನದಾದರೂ ಒಂದರ ಬದಲಿಗೆ ಇನ್ನೊಂದನ್ನು ನಾವೇ ನುಂಗುವಂತಿಲ್ಲ.

2017ರಲ್ಲಿ ನಮ್ಮ ದೇಶದಲ್ಲಿ ಶುರುವಾದ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮದಲ್ಲಿ ಬಹುತೇಕ ರಾಜ್ಯಗಳು ಮೊದಲು ಕೊಡುವ ಮಾತ್ರೆಯಾಗಿ ಅಮ್ಲೋಡಿಪಿನ್ 5 ಮಿ.ಗ್ರಾಂ. ಅನ್ನೇ ಆರಿಸಿಕೊಂಡವು. ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿಯೂ ಇದು ಇದೆ. ಇದು ಬಹಳ ಜನ ಬಳಸಿದ, ಚೆನ್ನಾಗಿ ಪರೀಕ್ಷಿಸಿದ ಮಾತ್ರೆ. ಅಪಾಯ ಹೆಚ್ಚಾಗಿ ಬರುವುದು ನಾವು ಅದನ್ನು ಬಳಸುವ ರೀತಿಯಿಂದ.

2. ಮೂಳೆ ಸವೆಯುತ್ತದೆಯೇ?

"ಕ್ಯಾಲ್ಸಿಯಂ ತಡೆಯುವ ಮಾತ್ರೆ ಅಂದರೆ ಮೂಳೆಯ ಕ್ಯಾಲ್ಸಿಯಂ ಹೋಗಿಬಿಡ್ತದಲ್ಲ" ಎಂದು ಕೆಲವರು ಹೆದರುತ್ತಾರೆ. ಹಾಗೆ ಆಗುವುದಿಲ್ಲ. ಈ ಮಾತ್ರೆ ಮೂಳೆಯಿಂದ ಏನನ್ನೂ ತೆಗೆಯುವುದಿಲ್ಲ. ಸ್ನಾಯುವಿನ ಬಾಗಿಲ ಬಳಿ ಮಾತ್ರ ಕೆಲಸ ಮಾಡುತ್ತದೆ. ರಾಗಿ ಮುದ್ದೆ, ಹಾಲು, ಮಜ್ಜಿಗೆ, ಸೊಪ್ಪು ಯಾವುದನ್ನೂ ಬಿಡಬೇಕಾಗಿಲ್ಲ. ನೂರು ಗ್ರಾಂ ರಾಗಿಯಲ್ಲಿ 340 ಮಿ.ಗ್ರಾಂ.ಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಮುಟ್ಟು ನಿಂತ ಹೆಂಗಸರಿಗೆ ಅದು ಬೇಕೇ ಬೇಕು. ಕ್ಯಾಲ್ಸಿಯಂ ಮಾತ್ರೆಯನ್ನೂ ನುಂಗುತ್ತಿದ್ದರೆ ಡಾಕ್ಟರಿಗೆ ತಿಳಿಸಿ, ಅಷ್ಟೇ. ಕಡಿಮೆ ಮಾಡಬೇಕಾದದ್ದು ಉಪ್ಪು, ಉಪ್ಪಿನಕಾಯಿ, ಹಪ್ಪಳ, ಒಣಮೀನು.

3. ನಿಧಾನವಾಗಿ ಬರುತ್ತದೆ, ನಿಧಾನವಾಗಿ ಹೋಗುತ್ತದೆ

ಈ ಪಾಠದಲ್ಲಿ ಒಂದೇ ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ.

ಅಮ್ಲೋಡಿಪಿನ್ ದೇಹದಲ್ಲಿ ಬಹಳ ಹೊತ್ತು ಉಳಿಯುವ ಔಷಧಿ. ನುಂಗಿದ್ದರಲ್ಲಿ ಅರ್ಧ ಭಾಗ ಹೊರಹೋಗಲು 30ರಿಂದ 50 ಗಂಟೆ ಬೇಕು. ಆದ್ದರಿಂದಲೇ ದಿನಕ್ಕೆ ಒಂದು ಸಲ ಸಾಕು. ಆದರೆ ಶುರುಮಾಡಿದ ದಿನವೇ ಬಿ.ಪಿ. ಇಳಿದುಬಿಡುವುದಿಲ್ಲ. ದಿನ ದಿನವೂ ಸ್ವಲ್ಪ ಸ್ವಲ್ಪ ಸೇರಿ, ಪೂರ್ತಿ ಮಟ್ಟಕ್ಕೆ ಬರಲು ಒಂದು ವಾರ ಬೇಕು. ಎರಡನೆಯ ದಿನವೇ ಯಂತ್ರ ಕಟ್ಟಿ ನೋಡಿ "ಏನೂ ಆಗಲಿಲ್ಲ" ಎಂದು ಎರಡು ಮಾತ್ರೆ ನುಂಗಬೇಡಿ.

ಬಿಟ್ಟಾಗಲೂ ಹೀಗೆಯೇ. ಇವತ್ತು ಬಿಟ್ಟರೆ ನಾಳೆ ಏನೂ ಗೊತ್ತಾಗುವುದಿಲ್ಲ. ನಾಡಿದ್ದು ಬಿ.ಪಿ. ನೋಡಿಸಿದರೂ ಹೆಚ್ಚು ಕಡಿಮೆ ಸರಿಯಾಗಿಯೇ ಇರಬಹುದು. "ಕಂಡಿರಾ, ಮಾತ್ರೆ ಬೇಕಾಗಿರಲಿಲ್ಲ" ಅನಿಸುತ್ತದೆ. ನಿಜವಾಗಿ, ಮೊದಲು ನುಂಗಿದ ಮಾತ್ರೆಯೇ ಆ ದಿನಗಳಲ್ಲಿ ಕೆಲಸ ಮಾಡುತ್ತಿರುತ್ತದೆ. ಅದು ಖಾಲಿಯಾದ ಮೇಲೆ ಒತ್ತಡ ಸದ್ದಿಲ್ಲದೆ ಹಳೆಯ ಜಾಗಕ್ಕೆ ಏರುತ್ತದೆ. ತಲೆನೋವು ಇಲ್ಲ, ತಲೆಸುತ್ತು ಇಲ್ಲ, ಏನೂ ಇಲ್ಲ.

ಒಂದು ಸಂಘದ ಸದಸ್ಯೆಯೊಬ್ಬರು ಹೀಗೆಯೇ ಮಾತ್ರೆ ಬಿಟ್ಟರು. ಮೂರು ತಿಂಗಳು ಗಟ್ಟಿಮುಟ್ಟಾಗಿಯೇ ಇದ್ದರು. ನಾಲ್ಕನೆಯ ತಿಂಗಳು ಬೆಳಿಗ್ಗೆ ಹಾಲು ಕರೆಯುವಾಗ ಬಲಗೈ, ಬಲಗಾಲು ಸ್ವಾಧೀನ ತಪ್ಪಿತು, ಮಾತು ತೊದಲಿತು. ಜೀವ ಉಳಿಯಿತು. ಆದರೆ ಹಸುವಿಗಾಗಿ ಸಂಘದಿಂದ ತೆಗೆದ ಸಾಲ ತೀರುವ ಮೊದಲೇ ಆ ಹಸುವನ್ನು ಆಸ್ಪತ್ರೆ ಖರ್ಚಿಗೆ ಮಾರಬೇಕಾಯಿತು. ಕಾಲೇಜಿಗೆ ಹೋಗುತ್ತಿದ್ದ ಮಗಳು ತಾಯಿಯನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದಳು. ಆ ತಾಯಿಗೆ ಬೇಕಾಗಿದ್ದ ಮಾತ್ರೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತಿತ್ತು.

ಬಿ.ಪಿ. ನಾರ್ಮಲ್ ಬಂದಿದೆ ಅಂದರೆ ಕಾಯಿಲೆ ಹೋಯಿತು ಅಂತ ಅಲ್ಲ, ಮಾತ್ರೆ ಕೆಲಸ ಮಾಡುತ್ತಿದೆ ಅಂತ ಅರ್ಥ. ಕಡಿಮೆ ಮಾಡಬೇಕೋ, ನಿಲ್ಲಿಸಬೇಕೋ ಡಾಕ್ಟರು ಹೇಳಲಿ.

ಒಂದು ದಿನ ಮರೆತರೆ? ಅದೇ ದಿನ ನೆನಪಾದರೆ ಆಗಲೇ ನುಂಗಿ. ಮರುದಿನದ ಹೊತ್ತು ಹತ್ತಿರವಾಗಿದ್ದರೆ ಮರೆತದ್ದನ್ನು ಬಿಟ್ಟುಬಿಡಿ. ಎರಡನ್ನು ಒಟ್ಟಿಗೆ ನುಂಗುವುದು ಮಾತ್ರ ಬೇಡ. ಅಮ್ಲೋಡಿಪಿನ್ ಅನ್ನು ಊಟದ ಮೊದಲೂ ನುಂಗಬಹುದು, ಊಟದ ನಂತರವೂ ನುಂಗಬಹುದು. ಆದ್ದರಿಂದ ಉಪವಾಸದ ದಿನ ಎಂದು ಬಿಡುವ ಕಾರಣವಿಲ್ಲ. ರಂಜಾನ್ ಉಪವಾಸ ಮಾಡುವ ಸಹೋದರಿಯರು ಹೊತ್ತು ಬದಲಿಸುವ ಬಗ್ಗೆ ಮೊದಲೇ ಡಾಕ್ಟರನ್ನು ಕೇಳಲಿ.

4. ಕಾಲು ಊದಿದರೆ ಏನು ಮಾಡುವುದು?

ಮಾತ್ರೆ ಬಿಡಲು ಹೆಂಗಸರು ಹೇಳುವ ಇನ್ನೊಂದು ಕಾರಣ ಕಾಲು ಊದುವುದು. ಇದು ನಿಜ. ಅಮ್ಲೋಡಿಪಿನ್‌ನಿಂದ ಹರಡು, ಪಾದ ಊದಬಹುದು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, 5 ಮಿ.ಗ್ರಾಂ.ಗಿಂತ 10 ಮಿ.ಗ್ರಾಂ.ನಲ್ಲಿ ಹೆಚ್ಚು. ಸಾಮಾನ್ಯವಾಗಿ ಎರಡೂ ಕಾಲು ಊದುತ್ತದೆ, ಸಂಜೆಗೆ ಜಾಸ್ತಿ, ಕಾಲು ಎತ್ತರಕ್ಕಿಟ್ಟು ಮಲಗಿದರೆ ಕಡಿಮೆ. ನಾಳಗಳು ಸಡಿಲವಾಗಿ ನೀರಿನಂಶ ಹೊರಗೆ ಜಿನುಗುವುದರಿಂದ ಹೀಗಾಗುತ್ತದೆ. ಇದರಿಂದ ಕಿಡ್ನಿ ಕೆಟ್ಟಿತು ಎಂದು ಹೆದರಬೇಡಿ. ನೀರು ಹೋಗುವ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗಲೂ ಬೇಡಿ. ಈ ಊತಕ್ಕೆ ಅದರಿಂದ ಹೆಚ್ಚು ಪ್ರಯೋಜನ ಇಲ್ಲ.

ಡಾಕ್ಟರಿಗೆ ಕಾಲು ತೋರಿಸಿ. ಅವರು ಪ್ರಮಾಣ ಇಳಿಸಬಹುದು, ಬೇರೆ ಗುಂಪಿನ ಮಾತ್ರೆ ಸೇರಿಸಬಹುದು, ಇಲ್ಲವೇ ಮಾತ್ರೆಯನ್ನೇ ಬದಲಿಸಬಹುದು. ದಾರಿಗಳು ಇವೆ. ಊದಿದ ಕಾಲು ಡಾಕ್ಟರಿಗೆ ಹೇಳಬೇಕಾದ ಸುದ್ದಿ, ಮಾತ್ರೆ ಬಿಡುವುದಕ್ಕೆ ನೆಪ ಅಲ್ಲ. ಆದರೆ ಒಂದೇ ಕಾಲು ಊದಿ ನೋಯುತ್ತಿದ್ದರೆ, ಅಥವಾ ಊತದ ಜೊತೆ ಮಲಗಿದಾಗ ಉಸಿರು ಕಟ್ಟುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಮುಖ ಬಿಸಿಯಾಗುವುದು, ತಲೆನೋವು, ಎದೆ ಹೊಡೆದುಕೊಳ್ಳುವುದು ಶುರುವಿನಲ್ಲಿ ಕೆಲವರಿಗೆ ಆಗುತ್ತದೆ. ಹೆಚ್ಚಾಗಿ ಕೆಲವು ದಿನಗಳಲ್ಲಿ ಹೋಗುತ್ತದೆ. ಕೆಲವರಿಗೆ ವಸಡು ಬೆಳೆದು ದಪ್ಪವಾಗುತ್ತದೆ. ದಿನಕ್ಕೆ ಎರಡು ಸಲ ಹಲ್ಲು ಉಜ್ಜಿ, ಕಂಡರೆ ಹೇಳಿ. ಎದ್ದ ಕೂಡಲೆ ತಲೆ ಸುತ್ತಿದರೆ ಹಾಸಿಗೆಯ ಮೇಲೆ ಸ್ವಲ್ಪ ಕುಳಿತು ಮತ್ತೆ ಏಳಿ. ವಾಂತಿ ಭೇದಿ ಆದಾಗ ಬಿ.ಪಿ. ಬಹಳ ಇಳಿಯಬಹುದು, ಆಗ ತಡಮಾಡದೆ ತೋರಿಸಿ.

5. ಎದೆನೋವು ಬಂದಾಗ ಈ ಮಾತ್ರೆ ಸಾಲದು

ಅಮ್ಲೋಡಿಪಿನ್ ಎದೆನೋವು ಬಾರದಂತೆ ತಡೆಯುವ ಮಾತ್ರೆ. ಬಂದ ನೋವನ್ನು ಆ ಕ್ಷಣದಲ್ಲಿ ನಿಲ್ಲಿಸುವ ಶಕ್ತಿ ಅದಕ್ಕಿಲ್ಲ. ಅದಕ್ಕಾಗಿ ಡಾಕ್ಟರು ನಾಲಿಗೆ ಕೆಳಗೆ ಇಡುವ ಬೇರೆ ಮಾತ್ರೆ ಬರೆದುಕೊಟ್ಟಿದ್ದರೆ, ಕುಳಿತುಕೊಂಡು ಅದನ್ನು ಇಟ್ಟುಕೊಳ್ಳಿ. ಐದು ನಿಮಿಷದಲ್ಲಿ ನೋವು ಕಡಿಮೆಯಾಗದಿದ್ದರೆ 108ಕ್ಕೆ ಫೋನ್ ಮಾಡಿ. ಅಂಥ ಮಾತ್ರೆ ಇಲ್ಲದವರು ಕಾಯಲೇ ಬಾರದು. ಹೆಂಗಸರಿಗೆ ಎದೆನೋವಿನ ಬದಲು ದವಡೆ, ಬೆನ್ನು, ಭುಜದ ನೋವು, ಏದುಸಿರು, ವಿಪರೀತ ಸುಸ್ತು, ಬೆವರು ಬರಬಹುದು. "ಗ್ಯಾಸ್ಟ್ರಿಕ್ ಇರಬೇಕು" ಎಂದು ಸೋಡಾ ಕುಡಿದು ಮಲಗಬೇಡಿ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದು, ಅಗತ್ಯವಿದ್ದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಅನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ.

ಇನ್ನೊಂದು ಹಳೆಯ ರೂಢಿ ಉಂಟು. ಬಿ.ಪಿ. ಒಮ್ಮೆಲೇ ಏರಿದರೆ ನಿಫೆಡಿಪಿನ್ ಕ್ಯಾಪ್ಸೂಲನ್ನು ಚುಚ್ಚಿ ನಾಲಿಗೆ ಕೆಳಗೆ ಹಿಂಡುವುದು. ಒತ್ತಡ ದಡಕ್ಕನೆ ಕುಸಿದು, ಮೆದುಳಿಗೆ, ಹೃದಯಕ್ಕೆ ರಕ್ತ ಸಾಲದೆ ಲಕ್ವ, ಹೃದಯಾಘಾತ ಆದ ಉದಾಹರಣೆಗಳಿವೆ. ಇದನ್ನು ನಿಲ್ಲಿಸಬೇಕು ಎಂದು 1996ರಲ್ಲಿಯೇ ಅಮೆರಿಕದ ವೈದ್ಯರ ಸಂಘದ ಪತ್ರಿಕೆಯಲ್ಲಿ ವೈದ್ಯರು ಬರೆದರು. ಯಾರಾದರೂ ಹಾಗೆ ಮಾಡಲು ಹೇಳಿದರೆ ಬೇಡ ಅನ್ನಿ.

6. ನನ್ನ ಮಾತ್ರೆ ನಿನಗೆ ಬೇಡ

ಸಕ್ಕರೆ, ಕಾಫಿಪುಡಿ ಪಕ್ಕದ ಮನೆಯಿಂದ ತರಬಹುದು, ಬಿ.ಪಿ. ಮಾತ್ರೆಯನ್ನು ತರಬಾರದು. ಅಮ್ಲೋಡಿಪಿನ್ ಹೆಸರಿನ ಮುಂದೆ ಎ.ಟಿ. ಎಂಬ ಅಕ್ಷರ ಇದ್ದರೆ ಅದರಲ್ಲಿ ಸಾಮಾನ್ಯವಾಗಿ ಅಟೆನೊಲಾಲ್ ಕೂಡ ಸೇರಿರುತ್ತದೆ. ಪಕ್ಕದ ಮನೆಯವರಿಗೆ ಹಿಡಿಸಿದ ಆ ಮಾತ್ರೆ ಉಬ್ಬಸ ಇರುವವರಿಗೆ ಉಸಿರು ಕಟ್ಟಿಸಬಹುದು. ಹೃದಯ ದುರ್ಬಲವಾಗಿರುವವರಿಗೆ ಡಿಲ್ಟಿಯಾಜೆಮ್, ವೆರಾಪಮಿಲ್ ಅಪಾಯ. ಈ ಎರಡನ್ನು ಅಟೆನೊಲಾಲ್ ಜೊತೆ ಸೇರಿಸಿದರೆ ಹೃದಯದ ಬಡಿತ ಮಿತಿಮೀರಿ ನಿಧಾನವಾಗಬಹುದು.

ಒಂದೇ ಔಷಧಿಯನ್ನು ಎರಡು ಹೆಸರಿನಲ್ಲಿ ನುಂಗುವುದು ಇನ್ನೊಂದು ತೊಂದರೆ. ಆರೋಗ್ಯ ಕೇಂದ್ರದಲ್ಲಿ ಕೊಟ್ಟದ್ದು ಒಂದು, ಪೇಟೆಯ ಡಾಕ್ಟರು ಬರೆದದ್ದು ಇನ್ನೊಂದು. ಎರಡರಲ್ಲೂ ಇರುವುದು ಅಮ್ಲೋಡಿಪಿನ್ನೇ. ಕಂಪನಿ ಇಟ್ಟ ಹೆಸರನ್ನು ಬಿಟ್ಟು ಔಷಧಿಯ ಹೆಸರು, ಎಷ್ಟು ಮಿ.ಗ್ರಾಂ., ಕೊನೆಯ ದಿನಾಂಕ ಇವುಗಳನ್ನು ಓದಿಸಿಕೊಳ್ಳಿ. ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿದರೂ ಆಯಿತು. ಎಸ್.ಆರ್., ಇ.ಆರ್., ರಿಟಾರ್ಡ್ ಎಂದು ಬರೆದ ಮಾತ್ರೆಯನ್ನು ಪುಡಿ ಮಾಡಬಾರದು, ಅಗಿಯಬಾರದು. ಇಡೀ ದಿನದ ಔಷಧಿ ಒಮ್ಮೆಲೇ ಬಿಡುಗಡೆಯಾಗುತ್ತದೆ.

7. ಡಾಕ್ಟರಿಗೆ ಮೊದಲೇ ಹೇಳಬೇಕಾದ್ದು

- ಟಿ.ಬಿ.ಗೆ ರಿಫಾಂಪಿಸಿನ್ ನುಂಗುತ್ತಿದ್ದರೆ: ಈ ಗುಂಪಿನ ಮಾತ್ರೆಯ ಬಲ ಕುಗ್ಗುತ್ತದೆ.
- ಕೆಮ್ಮು, ಸೋಂಕಿಗೆ ಕ್ಲಾರಿಥ್ರೋಮೈಸಿನ್ ಅಥವಾ ಎರಿಥ್ರೋಮೈಸಿನ್ ಕೊಟ್ಟರೆ: ಬಿ.ಪಿ. ಅತಿಯಾಗಿ ಇಳಿಯಬಹುದು.
- ಕೊಲೆಸ್ಟರಾಲಿಗೆ ಸಿಮ್ವಾಸ್ಟಾಟಿನ್ ನುಂಗುತ್ತಿದ್ದರೆ: ಅದರ ಪ್ರಮಾಣಕ್ಕೆ ಮಿತಿ ಇದೆ.
- ಮಂಡಿನೋವಿಗೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ದಿನಾ ನುಂಗುತ್ತಿದ್ದರೆ: ಅವು ಬಿ.ಪಿ. ಏರಿಸುತ್ತವೆ.
- ಲಿವರ್ ತೊಂದರೆ ಇದ್ದರೆ, ಬಸುರಿಯಾಗಿದ್ದರೆ ಅಥವಾ ಮಗು ಬೇಕೆಂದಿದ್ದರೆ: ಬಿ.ಪಿ.ಯ ಕೆಲವು ಬೇರೆ ಮಾತ್ರೆಗಳು ಹೊಟ್ಟೆಯ ಮಗುವಿಗೆ ಹಾನಿ ಮಾಡುತ್ತವೆ. ಡಾಕ್ಟರೇ ಸರಿಯಾದದ್ದನ್ನು ಆರಿಸಬೇಕು.

ಹಣ್ಣಿನ ವಿಚಾರ: ಗ್ರೇಪ್‌ಫ್ರೂಟ್ ಎಂಬ ಹಣ್ಣಿನ ರಸ ನಿಫೆಡಿಪಿನ್, ವೆರಾಪಮಿಲ್‌ನ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ. ನಮ್ಮ ಚಕ್ಕೋತ ಅದರ ಹತ್ತಿರದ ನೆಂಟ. ಆ ಎರಡು ಮಾತ್ರೆ ನುಂಗುವವರು ಚಕ್ಕೋತ ತಿನ್ನುವ ಮೊದಲು ಕೇಳುವುದು ಒಳ್ಳೆಯದು. ಸಿಹಿ ಕಿತ್ತಳೆಗೆ ಹೆದರಬೇಕಿಲ್ಲ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಈ ಮಾತ್ರೆಯನ್ನು ಕೈಗೆಟುಕದ ಎತ್ತರದಲ್ಲಿ, ಬೀಗ ಹಾಕುವ ಕಡೆ ಇಡಿ. ದೊಡ್ಡವರ ಒಂದೆರಡು ಮಾತ್ರೆ ಪುಟ್ಟ ಮಗುವಿನ ಜೀವಕ್ಕೇ ಅಪಾಯ. ನುಂಗಿದೆ ಎಂಬ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಒಯ್ಯಿರಿ, ಸ್ಟ್ರಿಪ್ ಜೊತೆಗಿರಲಿ.

8. ಸಂಘದಲ್ಲಿ ನಾವು ಮಾಡಬಹುದಾದ್ದು

ಒಬ್ಬೊಬ್ಬರೇ ಮರೆಯುವುದನ್ನು ಹತ್ತು ಮಂದಿ ಸೇರಿ ನೆನಪಿಡಬಹುದು. ತಿಂಗಳಿಗೊಂದು ಸಭೆಗೆ ಆಶಾ ಕಾರ್ಯಕರ್ತೆಯನ್ನು ಕರೆದು ಬಿ.ಪಿ. ನೋಡಿಸಿರಿ. ಒಪ್ಪುವ ಸದಸ್ಯೆಯರು ತಾರೀಖು, ಬಿ.ಪಿ., ಉಳಿದ ಮಾತ್ರೆ ಎಷ್ಟು ಎಂದು ತಮ್ಮ ಪುಸ್ತಕದಲ್ಲಿ ಬರೆಯಲಿ. 140/90 ಮತ್ತು ಅದಕ್ಕಿಂತ ಹೆಚ್ಚು ಬರುತ್ತಿದ್ದರೆ ಡಾಕ್ಟರ ಬಳಿಗೆ ಜೊತೆಯಾಗಿ ಹೋಗಿರಿ. ಮಾತ್ರೆ ಮುಗಿಯಲು ಒಂದು ವಾರ ಇರುವಾಗಲೇ ತರಿಸಿಕೊಳ್ಳಿ. ಕೂಲಿ ಬಿಟ್ಟು ಆರೋಗ್ಯ ಕೇಂದ್ರಕ್ಕೆ ಹೋಗಲಾಗದವರ ಪರವಾಗಿ ಚೀಟಿ ಒಯ್ದು ತರಬಹುದೇ ಎಂದು ಅಲ್ಲಿ ವಿಚಾರಿಸಿರಿ. ಯಾರಾದರೂ ಎರಡು ಸಭೆಗೆ ಬರದಿದ್ದರೆ ಕಂತಿಗಾಗಿ ಮಾತ್ರವಲ್ಲ, ಮಾತ್ರೆಗಾಗಿಯೂ ಮನೆಗೆ ಹೋಗಿ ಕೇಳೋಣ.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಸಂಘದಲ್ಲಿ ಬಿ.ಪಿ. ಮಾತ್ರೆಯನ್ನು ಮಧ್ಯದಲ್ಲಿ ಬಿಟ್ಟವರು ಯಾರಾದರೂ ಇದ್ದಾರೆಯೇ? ಯಾಕೆ ಬಿಟ್ಟರು?
2. ಮಾತ್ರೆ ಬಿಟ್ಟ ಎರಡು ದಿನ ಬಿ.ಪಿ. ಸರಿಯಾಗಿರುವುದಕ್ಕೆ ಕಾರಣ ಏನು?
3. ಮುಂದಿನ ಸಭೆಗೆ ಪ್ರತಿಯೊಬ್ಬರೂ ತಮ್ಮ ಮಾತ್ರೆಯ ಸ್ಟ್ರಿಪ್ ತರೋಣ. ಔಷಧಿಯ ಹೆಸರು, ಮಿ.ಗ್ರಾಂ., ದಿನಾಂಕವನ್ನು ಒಟ್ಟಿಗೆ ಓದೋಣ. ಯಾರ ಚೀಲದಲ್ಲಿ ಒಂದೇ ಔಷಧಿ ಎರಡು ಹೆಸರಿನಲ್ಲಿದೆ?